ಮೊದಲ ಕೌಂಟಾಶಿನ ಹಳದಿ ಬಾಗಿಲು

ರಿಚ್ಮಂಡ್ ಹಿಲ್, ಕೆನಡಾ,
ಭಾನುವಾರ

ಸೌ. ವೇದವತಿಗೆ,

ಲ್ಯಾಂಬೋರ್ಗಿನಿ ಬಗ್ಗೆ ಅನುಮಾನ ಬಂದರೆ ಇಟಲಿಯವರು ಈಗಲೂ ನನಗೇ ಫೋನ್ ಮಾಡಿ ಕೇಳುತ್ತಾರೆ. ಅಂಥ ನಾನು ಇಲ್ಲೇ ಹತ್ತಿರದ ಪಿಕರಿಂಗ್ ಊರಿನಿಂದ ಅವರ ಮೊಟ್ಟಮೊದಲ ಕೌಂಟಾಶ್ ಕಾರಿನ ಹಳದಿ ಬಾಗಿಲು ತಂದೆ. ಮುನ್ನೂರು ಡಾಲರಿನ ಸರ್‌ಪ್ರೈಸು ಎಂದು ಫೋನಿನಲ್ಲಿ ಹೇಳಿದ್ದು ಅದನ್ನೇ.

ನಿನ್ನೆ ನಿನ್ನ ತಮ್ಮನ ಮಗ ಸುಮುಖ್ ಬಂದು ನೋಡಿ ನಕ್ಕ. "ಅಯ್ಯೋ ಮಾವ, ಆ ಕಾರು ಇದ್ದದ್ದೇ ಒಂದು. ಕ್ರ್ಯಾಶ್ ಟೆಸ್ಟಲ್ಲಿ ಗೋಡೆಗೆ ಗುದ್ದಿಸಿ ಸ್ಕ್ರ್ಯಾಪ್ ಮಾಡಿಬಿಟ್ರು!"

ಆ ಇಟಲಿಯವರದು ಎಂಥಾ ಎದೆಗಾರಿಕೆ ನೋಡೇ! ಟ್ರ್ಯಾಕ್ಟರ್ ಮಾಡಿಕೊಂಡಿದ್ದವರು ಜಿನೀವಾದ ಕಾರ್ ಶೋನಲ್ಲಿ ಜನ ಬಾಯಿಬಿಟ್ಟು ನೋಡುವಂಥ ಕಾರು ನಿಲ್ಲಿಸಿದರು. ಎಂಜಿನ್ ಕಾಯುತ್ತಿದೆಯೆಂದು ಅದರ ಚೆಂದದ ಪಕ್ಕೆಯನ್ನೇ ಕೊಯ್ದು ಗಾಳಿಗೆ ದಾರಿ ಮಾಡಿದರು. ಮುಂದಿನ ಕಾರುಗಳಲ್ಲಿ ಕೂರುವವರು ಬದುಕಲೆಂದು ಆ ಚೊಚ್ಚಲ ಮಗುವನ್ನೇ ಕೊಟ್ಟರು.

"ಕಾರೇ ಇಲ್ಲದ ಬಾಗಿಲು ಯಾತಕ್ರೀ?" ಎನ್ನಬೇಡ. ಗರಾಜಿನಲ್ಲಿ ನೇತುಹಾಕಿದ್ದೇನೆ, ನಿನ್ನ ಸೀರೆ ಒಣಗಿಸಲು ಬಲು ಅನುಕೂಲ. ಅಡುಗೆಮನೆ ಹೊಸದು ಮಾಡುವವನಿಗೆ ಈ ವರ್ಷ ಬೇಡವೆಂದು ಮೈಸೂರಿನಿಂದಲೇ ಹೇಳಿಬಿಡು. ಬರುವಾಗ ಚಟ್ನಿಪುಡಿ ತಾ.

ಆ ಮುನ್ನೂರು ಟ್ರಕ್ಕಿನ ಬಾಡಿಗೆ. ಬಾಗಿಲಿಗೆ ಕೊಟ್ಟದ್ದು ನಾಲ್ಕು ಸಾವಿರದ ಇನ್ನೂರು.

ನಿನ್ನವನೇ ಆದ,
ನಂಜುಂಡಪ್ಪ