ಬಿಳಿ ಟೈಲ್ಸಿನ ಸಂಡಾಸ

ಹಲಬರ್ಗಾ

ಅಪ್ಪನಿಗೆ ಆಮ್ರಪಾಲಿಯ ಜೈಭೀಮ್.

ಫೋನಿನಲ್ಲಿ ಮಾತಾಡುವಾಗ ಅತ್ತೆ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನೀವು ಕಳಿಸಿದ ಹೆಸರುಬೇಳೆ, ತುಪ್ಪ ಮುಟ್ಟಿದವು. ಇನ್ನು ಕಳಿಸಬೇಡಿ. ನಿಮ್ಮ ಮೊಮ್ಮಗ ಸಂಘಪಾಲ ಉಣ್ಣುತ್ತಾನೆ, ಮೈಗೆ ಹತ್ತುವುದಿಲ್ಲ. ಮೇಲಿಂದ ಮೇಲೆ ಭೇದಿ. ತೊಟ್ಟಿಲ ಕಾರ್ಯಕ್ಕೆ ನೀವು ತಂದ ಅಂಗಿ ಇವತ್ತಿಗೂ ಅವನಿಗೆ ಸರಿಯಾಗುತ್ತದೆ.

"ನಿನ್ನ ಹಾಲಿನಾಗೇ ಕಸುವಿಲ್ಲ" ಅನ್ನುತ್ತಾರೆ ಅತ್ತೆ. ಭಾಲ್ಕಿಯ ಡಾಕ್ಟರು ಬೇರೆಯೇ ಹೇಳಿದರು. "ಹೊಲಸು ಹೊಟ್ಟೀಗಿ ಹೋದ್ರ ಉಂಡದ್ದು ಮೈಗಿ ಹತ್ತಂಗಿಲ್ಲವ್ವಾ. ಮನ್ಯಾಗ ಸಂಡಾಸ ಅದ ಏನು?" ಅಂದರು. "ಅದ ರೀ" ಅಂದೆ. ಸುಳ್ಳಲ್ಲವಲ್ಲ.

ನನ್ನ ಮದುವೆಗೆ ಮೊದಲು ನೀವು ಹಟ ಹಿಡಿದು ಈ ಮನೆಯಲ್ಲಿ ಕಟ್ಟಿಸಿದ ಆ ಸಂಡಾಸಕ್ಕೆ ಅತ್ತೆ ಕೀಲಿ ಹಾಕಿದ್ದಾರೆ. ಬಿಳಿ ಟೈಲ್ಸ್ ಹೊಲಸಾಗಬಾರದಂತೆ. "ಬೀಗರು ಬಂದ್ರ ಬೇಕಾಗ್ತದ" ಅನ್ನುತ್ತಾರೆ. ಮೈದುನನ ಮಕ್ಕಳು ಹಿತ್ತಲಲ್ಲೇ ಕೂರುತ್ತವೆ. ಸಂಘಪಾಲ ಅಂಬೆಗಾಲಿಡುವುದೂ ಅಲ್ಲೇ. ಎಷ್ಟು ತೊಳೆದರೂ ಆ ಕೈ ಮತ್ತೆ ಬಾಯಿಗೆ ಹೋಗುತ್ತದೆ.

ಅಪ್ಪಾ, ನೀವು ಬನ್ನಿ. ಬೀಗರು ಇರುವತನಕ ಆ ಬಾಗಿಲು ತೆರೆದೇ ಇರುತ್ತದೆ. ಅಷ್ಟರಲ್ಲಿ ಮಕ್ಕಳಿಗೆಲ್ಲ ಅದರ ರೂಢಿ ಮಾಡಿಸುತ್ತೇನೆ. ಬರುವಾಗ ಎರಡು ಸಾಬೂನು ತನ್ನಿ, ಸಾಕು.

ಬಂದ ಮೇಲೆ ಹೊರಡುವ ಮಾತು ಮಾತ್ರ ಎತ್ತಬೇಡಿ.

ನಿಮ್ಮ ಮಗಳು,
ಆಮ್ರಪಾಲಿ