ಗೆಂಡೆ ಮೀನಿನ ಎರಡು ಕುಲ

ಚಳ್ಳಕೆರೆ

ಮಾರುತೇಶನಿಗೆ,

ಗೆಂಡೆ ಮೀನಿನ ವರ್ಣತಂತುಗಳನ್ನು ಲ್ಯಾಬಿನಲ್ಲಿ ತೋರಿಸಿದವನು ನೀನೇ. ರೈಬೋಸೋಮಿನ ಜೀನುಗಳು ಒಂದೇ ಸಾಲನ್ನು ಮತ್ತೆ ಮತ್ತೆ ಬರೆದಂತಿರುತ್ತವೆ, ಅದಕ್ಕೇ ಬಣ್ಣ ಹಾಕಿದಾಗ ಚುಕ್ಕಿಯಾಗಿ ಹೊಳೆಯುತ್ತವೆ ಎಂದೆ. ಬೇರೆ ಬೇರೆ ಕುಲದ ಎರಡು ಮೀನು ಕೂಡಿ ಗೆಂಡೆ ಹುಟ್ಟಿತು, ಎರಡರ ವರ್ಣತಂತುಗಳೂ ಇವತ್ತಿಗೂ ಒಂದೇ ಮೈಯಲ್ಲಿ ಬಾಳುತ್ತಿವೆ ಎಂದೆ. ಜಾತಿ ಬಿಡಿ ಎಂದು ಸಾರುವ, ನಾನು ಓದಿದ ಎಲ್ಲ ಕರಪತ್ರಗಳಿಗಿಂತ ಆ ಮಾತನ್ನು ಹೆಚ್ಚು ನಂಬಿದೆ.

ಭಾನುವಾರ ಮೊಳಕಾಲ್ಮೂರಿನ ನಿಮ್ಮ ಮನೆಗೆ ಬಂದಾಗ ನಿನ್ನ ಅವ್ವ ಮಗ್ಗದಿಂದ ಎದ್ದು, "ಯಾರೋ ಈ ಹುಡುಗಿ, ಯಾವ ಕೇರಿಯೋಳು?" ಎಂದರು.

"ಲ್ಯಾಬಿಗೆ ಕೆರೆ ಮೀನು ತಂದ್ಕೊಡ್ತಾಳೆ ಕಣವ್ವ, ಅಷ್ಟೇ."

ಅವರು ನನ್ನ ಬೊಗಸೆಗೆ ಮೇಲಿನಿಂದ ನೀರು ಹೊಯ್ದರು. ನೀನು ನೋಡುತ್ತ ನಿಂತಿದ್ದೆ.

ಇನ್ನು ಮೀನಿಗೆ ಬೇರೆಯವರನ್ನು ನೋಡಿಕೋ. ಆ ವರ್ಣತಂತುಗಳ ಫೋಟೊ ಒಂದನ್ನು ಬಸ್ಸಿನವರ ಕೈಲಿ ಕಳಿಸು, ನೀನು ಬರಬೇಡ. ನಮ್ಮ ಕೇರಿಯ ಮಕ್ಕಳಿಗೆ ತೋರಿಸಬೇಕು. ಯಾರು ಹೇಳಿಕೊಟ್ಟರು ಎಂದು ಅವರು ಕೇಳಿದರೆ ನಿನ್ನ ಹೆಸರು ಹೇಳಲು ನನ್ನಿಂದಾಗದು.

ಕಾಂಚನಾ