ಆ ಎರಡು ಬಾಟಲಿಗಳಲ್ಲಿ ನಮ್ಮ ಬಾವಿಯ ನೀರಿರಲಿಲ್ಲ

ಜಿಲ್ಲೆಯ ಕುಡಿಯುವ ನೀರಿನ ಪರೀಕ್ಷೆಗೆ ಹೊಣೆಯಾದ ಮಾನ್ಯ ಅಧಿಕಾರಿಗಳೇ,

ಟಿಕೋಟಾ ಮತ್ತು ಬಬಲೇಶ್ವರದ ನಡುವೆ ಇರುವ ನಮ್ಮ ಊರಿನ ಕೆಳಗಿನ ಓಣಿಯ ಬಾವಿ ನೀರು ‘ಕುಡಿಯಲು ಯೋಗ್ಯ’ ಎಂದು ನಿಮ್ಮ ಕಚೇರಿ ಕೊಟ್ಟಿರುವ ವರದಿ ಸುಳ್ಳು. ನಿಮ್ಮ ಯಂತ್ರಗಳು ತಪ್ಪು ಮಾಡಿಲ್ಲ. ಅವು ಪರೀಕ್ಷಿಸಿದ್ದು ನಮ್ಮ ಬಾವಿಯ ನೀರನ್ನೇ ಅಲ್ಲ. ಇದು ನನಗೆ ಹೇಗೆ ಗೊತ್ತೆಂದರೆ, ಆ ಬಾಟಲಿಗಳನ್ನು ನಿಮ್ಮವರ ಕೈಗೆ ಕೊಟ್ಟವಳು ನಾನು. ನಮೂನೆಯ ಕೊನೆಯಲ್ಲಿ ‘ಸಾಕ್ಷಿ’ ಎಂಬಲ್ಲಿರುವ ಇಂಗ್ಲಿಷ್ ಸಹಿಯೂ ನನ್ನದೇ. ಈ ಪತ್ರವನ್ನು ಪೇಪರಿಗೂ ಕಳಿಸುತ್ತಿರುವುದರಿಂದ ಊರಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ಹೆಸರು ಅಚ್ಚಾದರೆ ನಮ್ಮ ಓಣಿಯ ಹಾಲನ್ನು ಡೇರಿಯವರು ತೆಗೆದುಕೊಳ್ಳುವುದಿಲ್ಲ. ನಿಮ್ಮ ಫೈಲಿನಲ್ಲಿ ಹೆಸರಿದೆ, ಯಾರಾದರೂ ಅದನ್ನು ತೆರೆದರೆ.

ನಾನು ಆರನೇ ತರಗತಿಯಿಂದ ಹಾಸ್ಟೆಲಿನಲ್ಲಿ ಬೆಳೆದವಳು. ಈಗ ವಿಜಯಪುರದಲ್ಲಿ ಬಿ.ಎಸ್ಸಿ. ಮೊದಲ ವರ್ಷ, ಜಲನಗರದ ಹಾಸ್ಟೆಲಿನಲ್ಲಿದ್ದೇನೆ. ಈ ಪತ್ರವನ್ನು ಮೊದಲು ಇಂಗ್ಲಿಷಿನಲ್ಲಿ ಮೂರು ಸಲ ಬರೆದು ಹರಿದೆ. ಇಂಗ್ಲಿಷಿನಲ್ಲಿ ಬರೆದಾಗ ತಪ್ಪನ್ನು ಬೇರೆ ಯಾರೋ ಮಾಡಿದಂತೆ ಕಾಣುತ್ತಿತ್ತು.

ನಮ್ಮ ಊರ ಹೊರಗೆ ಬ್ಯಾರಲ್ ತೊಳೆಯುವ ಕಾರ್ಖಾನೆ ಇದೆ. ರಾಸಾಯನಿಕ ತುಂಬಿದ್ದ ನೀಲಿ ಬ್ಯಾರಲ್‌ಗಳು ಎಲ್ಲೆಲ್ಲಿಂದಲೋ ಲಾರಿಯಲ್ಲಿ ಬರುತ್ತವೆ. ತೊಳೆದ ಮೇಲೆ ದ್ರಾಕ್ಷಿ ತೋಟದವರು, ಮನೆ ಕಟ್ಟಿಸುವವರು ಒಯ್ಯುತ್ತಾರೆ. ತೊಳೆದ ನೀರು ಎಲ್ಲಿ ಹೋಗುತ್ತದೆ? ಕಾರ್ಖಾನೆಯ ಹಿಂದೆ ಬತ್ತಿದ ಬೋರ್‌ವೆಲ್ ಒಂದಿದೆ, ಅದರೊಳಗೆ ಪೈಪು ಇಳಿದಿದೆ. ಇದನ್ನು ಕಂಡುಹಿಡಿಯಲು ಲ್ಯಾಬ್ ಬೇಕಿಲ್ಲ, ಕಂಪೌಂಡಿನ ಪಕ್ಕ ಕತ್ತು ಚಾಚಿ ನಿಂತರೆ ಸಾಕು. ಕಳೆದ ಬೇಸಿಗೆಯಿಂದ ನಮ್ಮ ಬಾವಿಯ ನೀರು ಹೊಸದಾಗಿ ಬಣ್ಣ ಬಳಿದ ಬಾಗಿಲಿನ ಹಾಗೆ ನಾರುತ್ತಿದೆ. ಅದರಲ್ಲಿ ಬಟ್ಟೆ ಒಗೆದ ಹೆಂಗಸರ ಬೆರಳ ಸಂದಿಯ ಚರ್ಮ ಸುಲಿಯುತ್ತದೆ. ನನ್ನ ಕಾಕಾ ಧರ್ಮರಾಜ ಅರ್ಜಿ ಹಿಡಿದು ನಾಲ್ಕು ತಿಂಗಳು ಅಲೆದ ಮೇಲೆ ಕುಡಿಯಲು ಟ್ಯಾಂಕರ್ ನೀರು ಬಂತು. ದಸರಾ ರಜೆಗೆ ನಾನು ಊರಿಗೆ ಹೋಗಿದ್ದಾಗ ಸ್ಯಾಂಪಲ್ ತೆಗೆಯಲು ನಿಮ್ಮ ಕಚೇರಿಯವರೊಬ್ಬರು ಬಂದರು.

ಬಂದರು, ಪಂಚಾಯಿತಿ ಕಟ್ಟೆಯವರೆಗೆ. ಅಲ್ಲಿಂದ ಬಾವಿಗೆ ಐದು ನಿಮಿಷದ ನಡಿಗೆ. ಬಿಸಿಲಿಗೋ, ನಾತಕ್ಕೋ, ಅದು ಕೆಳಗಿನ ಓಣಿ ಎಂಬ ಕಾರಣಕ್ಕೋ, ಅವರು ಏಳಲಿಲ್ಲ. ನಾನೂ ಕೇಳಲಿಲ್ಲ. “ನೀ ಸೈನ್ಸ್ ಓದಾಕಿ ಅಲ್ಲೇನವಾ? ಹೋಗು, ಎರಡ ಬಾಟ್ಲಿ ತುಂಬಕೊಂಡ ಬಾ” ಎಂದರು. ಕಟ್ಟೆಯ ಮೇಲಿದ್ದವರೆಲ್ಲ ನನ್ನತ್ತ ನೋಡಿದರು. ನನಗೆ ಹೆಮ್ಮೆಯಾಯಿತು. ನಾಚಿಕೆಯ ಪತ್ರದಲ್ಲಿ ಅದನ್ನೂ ಬರೆಯಬೇಕು.

ಬಾವಿಯ ಹಗ್ಗ, ಬಕೆಟ್ಟು ನಮ್ಮ ಮನೆಯಲ್ಲಿಯೇ ಇರುತ್ತವೆ. ತರಲು ಒಳಗೆ ಹೋದಾಗ ನನ್ನ ಆಯಿ, ಅಂದರೆ ಅಪ್ಪನ ತಾಯಿ ತಿಪ್ಪವ್ವ, ಬಾಟಲಿಗಳನ್ನು ನೋಡಿದಳು.

“ಯಾರಿಗಿ ಬೇ ಅವು?”

“ಸಾಹೇಬರಿಗಿ. ನೀರ ಬೇಕಂತ.”

“ಕುಡ್ಯಾಕೇನ?”

ನಾನು ಬಾಯಿ ತೆರೆಯುವುದರೊಳಗೆ ಬಾಟಲಿಗಳು ಆಯಿಯ ಕೈಯಲ್ಲಿದ್ದವು. ಬೀಗರು ಬಂದರೆ, ಯಾರಿಗಾದರೂ ಜ್ವರ ಬಂದರೆ ಬೇಕೆಂದು ಸಾರವಾಡದ ಶುದ್ಧ ನೀರಿನ ಘಟಕದಿಂದ ತಂದಿಟ್ಟ ಕ್ಯಾನು ಮೂಲೆಯಲ್ಲಿತ್ತು. ಆ ನೀರಿನಿಂದ ಬಾಟಲಿಗಳನ್ನು ಮೂರು ಮೂರು ಸಲ ಗಲಬರಿಸಿ, ತುಂಬಿ, ಸೆರಗಿನಿಂದ ಒರೆಸಿದಳು. “ನಾ ಸಣ್ಣಾಕಿ ಇದ್ದಾಗ ಮ್ಯಾಲಿನ ಓಣಿ ಬಾವಿ ಹತ್ರ ಅವರು ಹುಯ್ಯೂತನಕಾ ಕೊಡಾ ಹಿಡಕೊಂಡ ನಿಂದರತಿದ್ವಿ. ಇವತ್ತ ಸಾಹೇಬ ನಮ್ಮನಿ ನೀರ ಕುಡೀತಾನ. ಹೊಲಸ ನೀರ ಕೊಡಾಕ ಬರತೈತೇನ? ಒಯ್ಯಿ, ಲಗೂನ ಒಯ್ಯಿ.”

ಇದು ಕುಡಿಯಲಿಕ್ಕಲ್ಲ ಆಯಿ, ನಮ್ಮ ನೀರು ಎಷ್ಟು ಹೊಲಸಾಗಿದೆ ಎಂದು ನೋಡಲಿಕ್ಕೆ. ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಆಯಿಯ ಮುಖ ನೋಡಿ ಹೇಳಲಿಲ್ಲ ಎಂದು ಬರೆದರೆ ನೀವು ನಂಬಬಹುದು, ಆದರೆ ಅದು ಅರ್ಧ ಮಾತ್ರ. ಆ ನಾರುವ ನೀರನ್ನು ಕಟ್ಟೆಯ ಮೇಲಿದ್ದ ಅಷ್ಟು ಜನರೆದುರು ಕೊಡಲು ನನಗೇ ನಾಚಿಕೆಯಿತ್ತು. ಹಿಂದಿನ ಹಾಸ್ಟೆಲಿನಲ್ಲಿ ಯಾರಾದರೂ ಊರು ಕೇಳಿದರೆ ಗೋಳಗುಮ್ಮಟದ ಹತ್ತಿರ ಎನ್ನುತ್ತಿದ್ದವಳು ನಾನು. ಯಾವ ನೀರನ್ನು ಪರೀಕ್ಷಿಸುತ್ತೇವೋ ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆಯಬೇಕೆಂದು ನಮ್ಮ ನಂದಾ ಮೇಡಂ ಮೊದಲ ಪ್ರ್ಯಾಕ್ಟಿಕಲ್‌ನಲ್ಲೇ ಕಲಿಸಿದ್ದರು. ಸಾಲೆಯ ಮುಖ ನೋಡದ ಆಯಿ ಅದನ್ನು ತಪ್ಪದೆ ಪಾಲಿಸಿದ್ದಳು. ನೀರೊಂದು ಬೇರೆ.

ಬಾಟಲಿಗಳನ್ನು ಕಟ್ಟೆಗೆ ಒಯ್ದು ಕೊಟ್ಟು, ನಿಮ್ಮವರು ತೋರಿಸಿದ ಜಾಗದಲ್ಲಿ ಸಹಿ ಮಾಡಿದೆ. ಓದಲಿಲ್ಲವೆಂದಲ್ಲ, ಓದಿದೆ. ನನ್ನ ಸಹಿಯ ಮೇಲಿನ ಸಾಲಿನಲ್ಲಿ, ಮಾದರಿಯನ್ನು ಬಾವಿಯ ಬಳಿ ಖುದ್ದಾಗಿ ಸಂಗ್ರಹಿಸಲಾಗಿದೆ ಎಂದಿತ್ತು. ಮಾನ್ಯರೇ, ಕೆಳಗಿನ ಸುಳ್ಳು ನನ್ನದು, ಒಪ್ಪಿದೆ. ಮೇಲಿನ ಸಾಲು ಯಾರದು? ನೀರು ನಾರುತ್ತಿದೆ ಎಂದು ಅರ್ಜಿ, ನಾತವೇ ಇಲ್ಲದ ಬಾಟಲಿ. ಇಡೀ ಪ್ರಯೋಗಾಲಯದಲ್ಲಿ ಒಬ್ಬರಾದರೂ ಮುಚ್ಚಳ ತೆರೆದಾಗ ಮೂಸಿ ನೋಡಲಿಲ್ಲವೇ? ಅಥವಾ ಎಲ್ಲರಿಗೂ ಬೇಕಾದ ಉತ್ತರವನ್ನೇ ನಮ್ಮ ಆಯಿ ತುಂಬಿ ಕಳಿಸಿದ್ದಳೇ?

ನಿಮ್ಮವರು ಹೋಗುವಾಗ ತಮ್ಮ ಜೀಪಿನಲ್ಲಿದ್ದ ನೀರು ಕುಡಿದರು. ಮನೆಗೆ ಬಂದಾಗ ಆಯಿ ಬಾಗಿಲಲ್ಲೇ ಕಾಯುತ್ತಿದ್ದಳು.

“ಕುಡದರೇನ ಬೇ?”

“ಕುಡದ್ರು ಆಯಿ. ಚಲೋ ಅದಾವು ಅಂದ್ರು.”

ವರದಿ ಬಂದ ಮರುದಿನ ಟ್ಯಾಂಕರ್ ನಿಂತಿತು. ಕಾರ್ಖಾನೆಯವರು ವರದಿಗೆ ಲ್ಯಾಮಿನೇಶನ್ ಮಾಡಿಸಿ ಗೇಟಿಗೆ ತೂಗುಹಾಕಿದ್ದಾರೆ. ಚಹಾದಂಗಡಿಯ ಬಸಲಿಂಗಯ್ಯನವರು ಕಾಕಾನನ್ನು ಕೇಳಿದರಂತೆ: “ಏನ್ ಧರ್ಮಣ್ಣಾ, ಇಷಾ ಇಷಾ ಅಂತ ಊರೆಲ್ಲಾ ಹೇಳಿದಿ. ಸರಕಾರನ ಕುಡೀರಿ ಅಂದೈತಿ, ನಿಂದೇನ ಹೊಸಾ ತಕರಾರು?” ಕಾಕಾ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದರು. ನಿಜ ಅವರಿಗೆ ಇನ್ನೂ ಗೊತ್ತಿಲ್ಲ.

ಕಳೆದ ರವಿವಾರ ನಮ್ಮ ಪಕ್ಕದ ಮನೆಯ ಮೇಘಕ್ಕ ಫೋನ್ ಮಾಡಿದಳು. ಅವಳಿಗೀಗ ಏಳು ತಿಂಗಳು. “ಗೌತಮಿ, ಆ ದಿನಾ ನೀ ಅಲ್ಲೇ ಇದ್ದೆಲ್ಲ. ರಿಪೋರ್ಟ್ ಖರೇ ಏನ? ಕುಡೀಲೋ ಬ್ಯಾಡೋ?”

“ಕಾಸಿ ಕುಡಿ ಅಕ್ಕಾ” ಎಂದೆ.

ರಸಾಯನಶಾಸ್ತ್ರ ಓದುವವಳು ಹೇಳಿದ ಮಾತಿದು. ಕುದಿಸಿದರೆ ರೋಗಾಣು ಸಾಯಬಹುದು. ಬ್ಯಾರಲ್ ತೊಳೆದ ರಾಸಾಯನಿಕ ಎಲ್ಲಿ ಹೋಗುತ್ತದೆ? ಅರ್ಧ ತಾಸು ಕೂತಲ್ಲೇ ಕೂತು, ಮತ್ತೆ ಫೋನ್ ಹಚ್ಚಿ ಕುಡಿಯಬೇಡ ಎಂದೆ, ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನನಗ ಹೇಳಿದ್ರ ಏನಾತು? ನನ್ನ ಗಂಡ ಸಾರವಾಡದಿಂದ ಗಾಡಿ ಮ್ಯಾಲ ಕ್ಯಾನ್ ತರತಾನ. ಉಳದ ಮನ್ಯಾವರು? ಯಾರಿಗಿ ಸುಳ್ಳ ಕೊಟ್ಟೀಯೋ ಅವರಿಗೇ ಹೇಳು” ಎಂದಳು. ಅದಕ್ಕೇ ಈ ಪತ್ರ. ನಾಡಿದ್ದು ಶನಿವಾರ ಊರಿಗೆ ಹೋಗುತ್ತೇನೆ. ಪೇಪರಿನವರು ಇದನ್ನು ಅಚ್ಚು ಹಾಕುವ ಮೊದಲು ಆಯಿಗೂ ಕಾಕಾನಿಗೂ ನಾನೇ ಬಾಯಿಬಿಟ್ಟು ಹೇಳಬೇಕು.

ಆ ವರದಿಯನ್ನು ರದ್ದು ಮಾಡಿ. ರದ್ದಾಗಿದೆ ಎಂಬುದನ್ನು ಕಾರ್ಖಾನೆಯ ಗೇಟಿನಲ್ಲೇ ಹಚ್ಚಿಸಿ. ಹೊಸ ಪರೀಕ್ಷೆ ಮುಗಿಯುವವರೆಗೆ ಟ್ಯಾಂಕರ್ ಬರಲಿ, ಆ ಬೋರ್‌ವೆಲ್ಲಿನ ಬಾಯಿಗೆ ಬೀಗ ಬೀಳಲಿ. ಈ ಸಲ ನೀವೇ ಬನ್ನಿ, ಕಟ್ಟೆಯ ಹತ್ತಿರ ನಿಲ್ಲದೆ ಬಾವಿಯವರೆಗೆ ಬನ್ನಿ, ನಿಮ್ಮ ಕೈಯಿಂದಲೇ ಹಗ್ಗ ಇಳಿಸಿ. ಸುಳ್ಳು ಸಾಕ್ಷಿಗೆ ಕ್ರಮ ಕೈಗೊಳ್ಳುವುದಿದ್ದರೆ ನನ್ನ ಮೇಲೆ ಕೈಗೊಳ್ಳಿ. ಆಯಿಯನ್ನು ಬಿಡಿ, ಅವಳು ಮನೆಗೆ ಬಂದವರಿಗೆಂದು ನೀರು ಕೊಟ್ಟವಳು.

ಕೆಲಸ ಮುಗಿದ ಮೇಲೆ ಒಂದು ನಿಮಿಷ ನಮ್ಮ ಮನೆಯಲ್ಲಿ ಕೂತು, ಆಯಿ ಕೊಡುವ ಒಂದು ಲೋಟ ನೀರು ಕುಡಿದು ಹೋಗಿ. ಹೆದರಬೇಡಿ, ಅದು ಮೂಲೆಯ ಕ್ಯಾನಿನ ನೀರು. ಅದು ಕುಡಿಯಲು ಯೋಗ್ಯವೆಂದು ನಿಮ್ಮ ಪ್ರಯೋಗಾಲಯವೇ ಮೊಹರು ಒತ್ತಿ ಕೊಟ್ಟಿದೆ. ಸಾಹೇಬರು ಕುಡಿದರು ಎಂದು ನಾನು ಆಯಿಗೆ ಹೇಳಿದ್ದು ಅಷ್ಟರಮಟ್ಟಿಗಾದರೂ ಖರೇ ಆಗಲಿ.

ಇಂತಿ,
ಸಾಕ್ಷಿಯೆಂದು ಸಹಿ ಮಾಡಿ, ಸಾಕ್ಷಿ ಹೇಳಲು ಇಷ್ಟು ದಿನ ತೆಗೆದುಕೊಂಡ
ಗೌತಮಿ
ಬಿ.ಎಸ್ಸಿ. ಮೊದಲ ವರ್ಷ, ವಿಜಯಪುರ
(ಊರು: ಗೋಳಗುಮ್ಮಟದ ಹತ್ತಿರ ಅಲ್ಲ)